ಹೋಗದ ನವೆ, ಮಾಯದ ಹುಣ್ಣು: ವಲ್ವಾ ಕ್ಯಾನ್ಸರ್ ಬಗ್ಗೆ ಬಿಡಿಸಿ ಹೇಳುವುದಾದರೆ

ನಮ್ಮ ಮಂಡ್ಯ, ಮೈಸೂರು ಕಡೆ ಹೆಂಗಸರು "ಕೆಳಗೆ ನವೆ" ಅಂತ ಬಾಯಿಬಿಟ್ಟು ಹೇಳುವುದೇ ಅಪರೂಪ. ತಡೆಯಲಾರದಷ್ಟು ಆದಾಗ ಮಗಳಿಗೋ ಸೊಸೆಗೋ ಮೆಲ್ಲಗೆ ಹೇಳಿ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ಮುಲಾಮು ತರಿಸಿಕೊಳ್ಳುತ್ತಾರೆ. ಹಚ್ಚಿದ ನಾಲ್ಕು ದಿನ ಹಾಯೆನಿಸುತ್ತದೆ. ಆಮೇಲೆ ಮತ್ತೆ ಶುರು. ಇನ್ನೊಂದು ಟ್ಯೂಬ್. ನಡುವೆ "ಉಷ್ಣ ಆಗಿರಬೇಕು" ಅಂತ ಎಳನೀರು, ಮಜ್ಜಿಗೆ. ಹೀಗೇ ಒಂದು ವರ್ಷ, ಎರಡು ವರ್ಷ ಕಳೆದುಹೋಗುತ್ತದೆ. ಅಷ್ಟೂ ದಿನ ಆ ಜಾಗವನ್ನು ಒಬ್ಬ ಡಾಕ್ಟರೂ ಬೆಳಕಿನಲ್ಲಿ ನೋಡಿರುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇಂಥ ನವೆಯಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದಿದ್ದರೆ ಫಂಗಸ್ ಆಗುತ್ತದೆ. ಸೋಪು, ಪ್ಯಾಡು ಒಗ್ಗದೆಯೂ ನವೆ ಬರುತ್ತದೆ. ಮುಟ್ಟು ನಿಂತ ಮೇಲೆ ಚರ್ಮ ಒಣಗಿಯೂ ಬರುತ್ತದೆ. ಆದರೆ ಔಷಧಿ ಮಾಡಿದರೂ ಹೋಗದ ನವೆಗೆ ಕೆಲವೊಮ್ಮೆ ಬೇರೆ ಕಾರಣ ಇರುತ್ತದೆ. ಅದರಲ್ಲಿ ಒಂದು ವಲ್ವಾ ಕ್ಯಾನ್ಸರ್. ಮೈಯ ಹೊರಭಾಗದಲ್ಲಿ, ಕಣ್ಣಿಗೆ ಕಾಣುವ ಜಾಗದಲ್ಲೇ ಬರುವ ಕಾಯಿಲೆ ಇದು. ಬೇಗ ಸಿಕ್ಕಿದರೆ ಚಿಕ್ಕ ಆಪರೇಷನ್ನಿನಲ್ಲಿ ಮುಗಿಯಬಹುದು. ಅಷ್ಟಿದ್ದೂ ತಡವಾಗುವುದು ನಾಚಿಕೆಯಿಂದ, ಮತ್ತು ನೋಡದೆ ಕೊಡುವ ಮುಲಾಮಿನಿಂದ. ನನಗೆ ಸಂಕಟ ಆಗುವುದು ಅಲ್ಲೇ.

ವಲ್ವಾ ಅಂದರೆ ಹೆಣ್ಣಿನ ಹೊರ ಜನನಾಂಗ. ಯೋನಿಯ ಎರಡು ಜೊತೆ ತುಟಿಗಳು, ಕ್ಲಿಟೋರಿಸ್, ಮೂತ್ರದ್ವಾರದ ಸುತ್ತಲಿನ ಜಾಗ, ಕೆಳಗೆ ಗುದದ್ವಾರದವರೆಗಿನ ಚರ್ಮ ಎಲ್ಲ ಸೇರಿ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇರೆ, ಇದು ಬೇರೆ. 2020ರಲ್ಲಿ ಇಡೀ ಪ್ರಪಂಚದಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಸುಮಾರು 6 ಲಕ್ಷ ಹೆಂಗಸರಿಗೆ ಹೊಸದಾಗಿ ಬಂದರೆ, ವಲ್ವಾ ಕ್ಯಾನ್ಸರ್ ಬಂದದ್ದು ಸುಮಾರು 45 ಸಾವಿರ ಜನರಿಗೆ. ಕಡಿಮೆ ಕಾಣುವ ಕಾಯಿಲೆ, ಹಾಗಾಗಿ ಎಷ್ಟೋ ಸಲ ಡಾಕ್ಟರಿಗೂ ಮೊದಲು ಹೊಳೆಯುವುದಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹುಡುಕಲು ಮಾಡುವ ಪ್ಯಾಪ್ ಟೆಸ್ಟಿನಲ್ಲಿ ಇದು ಸಿಗುವುದಿಲ್ಲ. ಇದಕ್ಕೆ ಅಂತ ಬೇರೆ ತಪಾಸಣಾ ಪರೀಕ್ಷೆಯೂ ಇಲ್ಲ. ಕಣ್ಣಿಟ್ಟು ನೋಡಬೇಕು, ಅಷ್ಟೇ.

ಪಾಂಡವಪುರದ ಕಡೆ ನನ್ನ ಸೋದರತ್ತೆ ಇದ್ದಾರೆ. ಅವರನ್ನು ಮೈಸೂರಿಗೆ ಕರೆದುಕೊಂಡು ಬಂದಾಗ, ಪರೀಕ್ಷೆ ಮಾಡಬೇಕು ಅಂದ ಚಿಕ್ಕ ವಯಸ್ಸಿನ ಡಾಕ್ಟರಿಗೆ ಅವರು ಕೇಳಿದ್ದು ಇದು: "ಗರ್ಭಕೋಸ ತೆಗ್ಸಿ ಕಾಲ ಆಯ್ತು ಕಣವ್ವ, ಅಲ್ಲಿನ್ನೇನದೆ ನೋಡಕೆ?" ಇದು ನಮ್ಮತ್ತೆಯೊಬ್ಬರ ಮಾತಲ್ಲ. ಗರ್ಭಕೋಶ ತೆಗೆಸಿಕೊಂಡವರು ಹಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. "ಇನ್ನು ಆ ಕಡೆಯ ಕಾಯಿಲೆಗಳ ಭಯ ಇಲ್ಲ" ಅಂತಲೇ ಅವರೆಲ್ಲ ತಿಳಿದಿರುತ್ತಾರೆ. ಹೊರಗಿನ ಚರ್ಮ ಇರುವ ತನಕ ಈ ಕ್ಯಾನ್ಸರ್ ಬರಬಹುದು. ಅದು ಬರುವುದೂ ಹೆಚ್ಚಾಗಿ ಮುಟ್ಟು ನಿಂತ ಎಷ್ಟೋ ವರ್ಷಗಳ ಮೇಲೆ.

ಯಾಕೆ ಬರುತ್ತದೆ? ಮುಖ್ಯವಾಗಿ ಎರಡು ದಾರಿ. ಒಂದು, ಎಚ್‌ಪಿವಿ ಎಂಬ ವೈರಸ್. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೂ ಇದೇ ಕಾರಣ. ಈ ದಾರಿಯಲ್ಲಿ ಬರುವುದು ಸ್ವಲ್ಪ ಕಡಿಮೆ ವಯಸ್ಸಿನವರಿಗೆ. ಧೂಮಪಾನ ಮಾಡುವವರಲ್ಲಿ, ಎಚ್‌ಐವಿ ಇರುವವರಲ್ಲಿ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ಅಪಾಯ ಜಾಸ್ತಿ. ಎಚ್‌ಪಿವಿ ಅಂದ ಕೂಡಲೇ ಮನೆಯಲ್ಲಿ ಗುಸುಗುಸು ಶುರುವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮದುವೆಯಾದ ಬಹಳಷ್ಟು ಗಂಡಸರು, ಹೆಂಗಸರಿಗೆ ಜೀವನದಲ್ಲಿ ಯಾವಾಗಲಾದರೂ ಈ ವೈರಸ್ ತಗುಲಿರುತ್ತದೆ. ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಹತ್ತಾರು ವರ್ಷ ಸುಮ್ನೆ ಇರುತ್ತದೆ. ಯಾರಿಂದ ಯಾರಿಗೆ ಯಾವಾಗ ಬಂತು ಅಂತ ಹುಡುಕಲು ಆಗುವುದಿಲ್ಲ, ಹುಡುಕಿ ಪ್ರಯೋಜನವೂ ಇಲ್ಲ.

ಇನ್ನೊಂದು ದಾರಿಗೆ ವೈರಸ್ ಬೇಡ. ವಯಸ್ಸಾದವರಲ್ಲಿ ಇದೇ ಜಾಸ್ತಿ. ಇಲ್ಲಿ ಹಿಂದಿರುವುದು ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ತಡೆಯಲು ಸಾಧ್ಯವಿರುವುದು ಇಲ್ಲೇ. ಯೋನಿಯ ತುಟಿಗಳ ಮೇಲೆ, ಗುದದ್ವಾರದ ಸುತ್ತ ಚರ್ಮ ಬೆಳ್ಳಗಾಗಿ, ತೆಳ್ಳಗಾಗಿ ಸುಕ್ಕುಗಟ್ಟುತ್ತದೆ. ರಾತ್ರಿ ನಿದ್ದೆಗೆಡಿಸುವಷ್ಟು ನವೆ. ಕೆರೆದರೆ ಚರ್ಮ ಸೀಳುತ್ತದೆ, ಮೂತ್ರ ತಾಗಿದರೆ ಉರಿ. ವರ್ಷ ಕಳೆದಂತೆ ಒಳತುಟಿಗಳು ಕರಗಿದ ಹಾಗಾಗಿ ಸುತ್ತಲಿನ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ನಮ್ಮಲ್ಲಿ ಬಿಳಿ ಮಚ್ಚೆ ಕಂಡರೆ ತಕ್ಷಣ "ತೊನ್ನು" ಅಂದುಕೊಳ್ಳುತ್ತಾರೆ. ಮಗಳ ಮದುವೆಗೆ ತೊಂದರೆಯಾದೀತು ಅಂತ ಮುಚ್ಚಿಟ್ಟುಬಿಡುತ್ತಾರೆ. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಚರ್ಮ ಮೊದಲಿನ ಹಾಗೇ ಮೆತ್ತಗಿರುತ್ತದೆ. ಇಲ್ಲಿ ಚರ್ಮವೇ ಕೆಡುತ್ತದೆ.

ಲೈಕೆನ್ ಸ್ಕ್ಲೆರೋಸಸ್ ಇರುವ ನೂರು ಜನರಲ್ಲಿ ಐದು ಅಥವಾ ಅದಕ್ಕೂ ಕಡಿಮೆ ಜನರಿಗೆ ಮಾತ್ರ ಮುಂದೆ ಕ್ಯಾನ್ಸರ್ ಆಗುತ್ತದೆ. ಆ ಐದನ್ನೂ ತಡೆಯುವ ದಾರಿ ಇದೆ. ಆಸ್ಟ್ರೇಲಿಯಾದ ವೈದ್ಯರು 507 ಹೆಂಗಸರನ್ನು ವರ್ಷಗಳ ಕಾಲ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಟೆರಾಯ್ಡ್ ಮುಲಾಮನ್ನು ಹೇಳಿದಂತೆ ಬಿಡದೆ ಹಚ್ಚಿದವರಲ್ಲಿ ಒಬ್ಬರಿಗೂ ವಲ್ವಾ ಕ್ಯಾನ್ಸರ್ ಬರಲಿಲ್ಲ. ಆಗಾಗ ಬಿಟ್ಟು ಬಿಟ್ಟು ಹಚ್ಚಿದವರಲ್ಲಿ ನೂರಕ್ಕೆ ಸುಮಾರು ಐವರಿಗೆ ಬಂತು. ಸಾಮಾನ್ಯವಾಗಿ ಮೊದಲು ಕೊಡುವುದು ಕ್ಲೋಬೆಟಸಾಲ್ ಎಂಬ ಜೋರಾದ ಸ್ಟೆರಾಯ್ಡ್. ಹಾಗಾದರೆ ಅಂಗಡಿಯ ಟ್ಯೂಬಿನಲ್ಲೂ ಅದೇ ಇರುತ್ತದಲ್ಲ ಅಂತ ಕೇಳಬಹುದು. ಇರುತ್ತದೆ, ಆದರೆ ಅದರ ಜೊತೆ ಫಂಗಸ್ ಔಷಧಿ, ಆಂಟಿಬಯೋಟಿಕ್ ಎಲ್ಲ ಸೇರಿಸಿರುತ್ತಾರೆ. ನಿಜವಾಗಿ ಫಂಗಸ್ ಇದ್ದವರಿಗೆ ಆ ಸ್ಟೆರಾಯ್ಡಿನಿಂದ ಕಾಯಿಲೆ ಇನ್ನೂ ಹರಡುತ್ತದೆ. ಕ್ಯಾನ್ಸರ್ ಶುರುವಾಗಿದ್ದವರಿಗೆ ನವೆ ತಗ್ಗಿ, ಗಾಯ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಯಾವ ಕಾಯಿಲೆ ಅಂತ ನೋಡಿ ಗೊತ್ತುಮಾಡಿಕೊಂಡ ಮೇಲೆ ಹಚ್ಚುವುದೇ ಬೇರೆ, ಸುಮ್ನೆ ಹಚ್ಚುವುದೇ ಬೇರೆ.

ಯಾವಾಗ ತೋರಿಸಬೇಕು? ಎರಡು ಮೂರು ವಾರಕ್ಕೂ ಹೋಗದ ನವೆ ಅಥವಾ ಉರಿ, ಮಾಯದ ಹುಣ್ಣು, ಗಂಟು, ನರುಳ್ಳೆಯ ಹಾಗೆ ದಪ್ಪಗೆ ಬೆಳೆದ ಚರ್ಮ, ಬಿಳಿ ಅಥವಾ ಕೆಂಪು ಮಚ್ಚೆ, ಬಣ್ಣ ಬದಲಾದ ಕಪ್ಪು ಮಚ್ಚೆ, ರಕ್ತ, ತೊಡೆಸಂದಿಯಲ್ಲಿ ಗಂಟು. ನೋವಿಲ್ಲ ಅಂತ ಸುಮ್ಮನಿರಬೇಡಿ. ಶುರುವಿನಲ್ಲಿ ನೋವು ಇರದೇ ಇರುವುದೇ ಹೆಚ್ಚು.

ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳಬಲ್ಲದ್ದು ಬಯಾಪ್ಸಿ ಒಂದೇ, ಅಂದರೆ ಚರ್ಮದ ಒಂದು ಚೂರು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ. ಸ್ಕ್ಯಾನ್ ಹೇಳುವುದಿಲ್ಲ, ರಕ್ತ ಪರೀಕ್ಷೆಯೂ ಹೇಳುವುದಿಲ್ಲ. ಬಯಾಪ್ಸಿ ಅಂದರೆ ನಮ್ಮ ಜನಕ್ಕೆ ಭಯ, "ಚುಚ್ಚಿದರೆ ಕೆದರಿ ಹರಡುತ್ತದೆ" ಅಂತ ಊರಲ್ಲೆಲ್ಲ ಮಾತಿದೆ. ಆ ಮಾತಿಗೆ ಬೆದರಿ ಬಯಾಪ್ಸಿ ಮುಂದಕ್ಕೆ ಹಾಕಬೇಡಿ. ಅತ್ತೆಗೆ ಮಾಡುವಾಗ ನಾನು ಅವರ ತಲೆಯ ಹತ್ತಿರ ನಿಂತಿದ್ದೆ. ಮೊದಲು ಜಾಗ ಒರೆಸಿ ಒಂದು ದ್ರಾವಣ ಹಚ್ಚಿದರು. ಅಸಿಟಿಕ್ ಆಸಿಡ್ ಬಹಳ ತೆಳುವಾಗಿ ಕಲೆಸಿದ್ದು, ವಿನೆಗರ್ ವಾಸನೆ. ಕೆಲವು ನಿಮಿಷ ಬಿಟ್ಟರೆ ಕೆಟ್ಟ ಚರ್ಮ ಬೆಳ್ಳಗೆ ಎದ್ದು ಕಾಣುತ್ತದೆ. ಆಮೇಲೆ ಜೋಮು ಹಿಡಿಸುವ ಇಂಜೆಕ್ಷನ್. ನಿಜವಾಗಿ ನೋವಾಗುವುದು ಅದೊಂದೇ, ಕೆಲವು ಸೆಕೆಂಡು ಚುರುಕ್ ಎನ್ನುತ್ತದೆ. ಡಾಕ್ಟರು "ಅಮ್ಮಾ, ಒಂದು ಸಲ ಉಸಿರು ಬಿಡಿ" ಅಂದರು. ತುದಿಯಲ್ಲಿ ದುಂಡಗೆ ಬ್ಲೇಡ್ ಇರುವ, ಪೆನ್ನಿನಷ್ಟು ಉದ್ದದ ಉಪಕರಣವನ್ನು ಒತ್ತಿ ತಿರುಗಿಸಿದರು. ಮೆಂತ್ಯದ ಕಾಳಿನಷ್ಟು ಚರ್ಮ ಬಂತು. ಅದನ್ನು ಫಾರ್ಮಲಿನ್ ಬಾಟಲಿಗೆ ಹಾಕಿ, ಹೆಸರು ಬರೆದು, ಒಂದು ಹೊಲಿಗೆ ಹಾಕಿದರು. ಅತ್ತೆ ಕೇಳಿದ್ದು, "ಇಷ್ಟೇಯಾ?"

ಆ ಚೂರನ್ನು ಎಲ್ಲಿಂದ ತೆಗೆಯುತ್ತಾರೆ ಎಂಬುದೂ ಮುಖ್ಯ. ಹುಣ್ಣಿನ ಮಧ್ಯದಲ್ಲಿ ಸತ್ತ ಚರ್ಮ ಮಾತ್ರ ಇದ್ದರೆ ಅಲ್ಲಿಂದ ತೆಗೆದದ್ದರಲ್ಲಿ ಏನೂ ಗೊತ್ತಾಗದೆ ಹೋಗಬಹುದು. ಹಾಗಾಗಿ ಅಂಚಿನಿಂದ, ಪಕ್ಕದ ಒಳ್ಳೆ ಚರ್ಮವೂ ಒಂಚೂರು ಬರುವಂತೆ ತೆಗೆಯಬೇಕು. ಇನ್ನೊಂದು ಮಾತು. ಗಂಟು ಚಿಕ್ಕದಿದೆ ಅಂತ ಬಯಾಪ್ಸಿಯ ಹೆಸರಿನಲ್ಲಿ ಪೂರ್ತಿ ಕೆತ್ತಿ ತೆಗೆದುಬಿಟ್ಟರೆ, ಆಮೇಲೆ ಕ್ಯಾನ್ಸರ್ ಸರ್ಜನ್‌ಗೆ ಅದು ಎಲ್ಲಿತ್ತು, ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ. ಮುಂದಿನ ಚಿಕಿತ್ಸೆ ಕಷ್ಟ ಆಗುತ್ತದೆ. ಚೂರು ತೆಗೆಯುವ ಮೊದಲು ಫೋಟೋ ತೆಗೆದಿಡುವುದು, ಅಥವಾ ಫೈಲಿನಲ್ಲಿ ಚಿತ್ರ ಬರೆದಿಡುವುದು ಒಳ್ಳೆಯ ಅಭ್ಯಾಸ.

ರಿಪೋರ್ಟಿನಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಅಂತ ಇರುವುದೇ ಹೆಚ್ಚು, ಹತ್ತರಲ್ಲಿ ಎಂಟೊಂಬತ್ತು ಅದೇ. ಮೆಲನೋಮ, ಬಾರ್ಥೊಲಿನ್ ಗ್ರಂಥಿಯ ಕ್ಯಾನ್ಸರ್, ಪ್ಯಾಜೆಟ್ಸ್ ಕಾಯಿಲೆ ಅಪರೂಪ, ಅವುಗಳ ಚಿಕಿತ್ಸೆ ಬೇರೆ. ವಿಐಎನ್ ಅಂತ ಬರೆದಿದ್ದರೆ ಅದಿನ್ನೂ ಕ್ಯಾನ್ಸರ್ ಅಲ್ಲ, ಅದಕ್ಕೆ ಮುಂಚಿನ ಹಂತ. ವಿಐಎನ್‌ನಲ್ಲೂ ಎರಡು ಬಗೆ. ವೈರಸ್‌ನಿಂದ ಬಂದದ್ದಾದರೆ ಕತ್ತರಿಸಿ, ಲೇಸರ್‌ನಿಂದ, ಅಥವಾ ಇಮಿಕ್ವಿಮೋಡ್ ಮುಲಾಮಿನಿಂದ ನೋಡಿಕೊಳ್ಳಬಹುದು. ಲೈಕೆನ್ ಸ್ಕ್ಲೆರೋಸಸ್ ಜೊತೆ ಬರುವ ಬಗೆ ಬೇಗ ಕ್ಯಾನ್ಸರಿಗೆ ತಿರುಗುತ್ತದೆ, ಕತ್ತರಿಸಿ ತೆಗೆಯಲೇಬೇಕು.

ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ರಿಪೋರ್ಟಿನಲ್ಲಿ ಹುಡುಕಬೇಕಾದ ಒಂದು ಅಂಕಿ ಇದೆ. ಚರ್ಮದೊಳಕ್ಕೆ ಎಷ್ಟು ಆಳ ಇಳಿದಿದೆ ಎಂಬುದು. ಗಾತ್ರ 2 ಸೆಂ.ಮೀ. ಒಳಗಿದ್ದು ಆಳ 1 ಮಿ.ಮೀ. ದಾಟದಿದ್ದರೆ ಅದು ಹಂತ 1ಎ. ಆಗ ತೊಡೆಸಂದಿಯ ಗ್ರಂಥಿಗಳಿಗೆ ಹರಡಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಗಂಟನ್ನು ಸುತ್ತ ಸುಮಾರು 1 ಸೆಂ.ಮೀ. ಒಳ್ಳೆ ಚರ್ಮದ ಸಮೇತ ತೆಗೆದರೆ ಆಯಿತು. ತೊಡೆಸಂದಿ ಮುಟ್ಟಬೇಕಾಗಿಯೇ ಇಲ್ಲ. ಈ 1 ಮಿ.ಮೀ. ದಾಟಿತೋ, ಅಥವಾ ಗಾತ್ರ 2 ಸೆಂ.ಮೀ. ಮೀರಿತೋ, ಹಂತ 1ಬಿ. ಆಗ ಗ್ರಂಥಿಗಳನ್ನೂ ನೋಡಬೇಕಾಗುತ್ತದೆ. ಮೂತ್ರನಾಳ, ಯೋನಿ, ಗುದದ ಕೆಳಭಾಗಕ್ಕೆ ಹಬ್ಬಿದರೂ ಗ್ರಂಥಿಯಲ್ಲಿ ಇಲ್ಲದಿದ್ದರೆ ಎರಡನೇ ಹಂತ. ಗ್ರಂಥಿಗೆ ಹೋದರೆ, ಅಥವಾ ಆ ಅಂಗಗಳಲ್ಲಿ ಇನ್ನೂ ಮೇಲಕ್ಕೆ ಏರಿದ್ದರೆ ಮೂರು. ಮೂಳೆಗೆ ಅಂಟಿಕೊಂಡಿದ್ದರೆ, ಗ್ರಂಥಿ ಕದಲದಂತಾಗಿ ಒಡೆದು ಹುಣ್ಣಾಗಿದ್ದರೆ, ಅಥವಾ ಸೊಂಟದೊಳಗಿನ ಗ್ರಂಥಿಗೆ, ಶ್ವಾಸಕೋಶದಂಥ ದೂರದ ಜಾಗಕ್ಕೆ ಹೋಗಿದ್ದರೆ ನಾಲ್ಕು.

ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದಲ್ಲ, ನಾನು ಹೇಳುತ್ತಿರುವುದು ಅದೇ ಗ್ರಂಥಿಗಳನ್ನು. ವಲ್ವಾದ ದುಗ್ಧರಸವೂ (ಮೈಯೊಳಗೆ ರಕ್ತದ ಹಾಗೆ ತನ್ನದೇ ನಾಳಗಳಲ್ಲಿ ಹರಿಯುವ ತಿಳಿ ದ್ರವ) ಅಲ್ಲಿಗೇ ಹರಿಯುವುದರಿಂದ ಕ್ಯಾನ್ಸರ್ ಮೊದಲು ಹೋಗಿ ಕೂರುವುದು ಅಲ್ಲೇ. ಅಲ್ಲಿ ಗಂಟು ಸಿಕ್ಕರೆ ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ. ಸೋಂಕಿನಿಂದಲೂ ಊದಿರಬಹುದು, ಹಾಗಾಗಿ ಊತ ಕಂಡ ಕೂಡಲೇ ಹರಡಿದೆ ಅಂತ ಎದೆಗುಂದಬೇಕಿಲ್ಲ. ಎಂಆರ್‌ಐ, ಸಿಟಿ, ಪೆಟ್-ಸಿಟಿ ಇವೆಲ್ಲ ಎಲ್ಲರಿಗೂ ಬೇಕಾಗುವುದಿಲ್ಲ. ಗರ್ಭಕೋಶದ ಬಾಯಿ, ಯೋನಿ, ಗುದದ್ವಾರವನ್ನು ಮಾತ್ರ ತಪ್ಪದೆ ನೋಡಬೇಕು, ಎಚ್‌ಪಿವಿ ಒಂದೇ ಸಲ ಹಲವು ಕಡೆ ಕೆಡಿಸಿರಬಹುದು.

ಹಿಂದೆ ಈ ಆಪರೇಷನ್ ಬಲು ಕ್ರೂರವಾಗಿತ್ತು. ಇಡೀ ವಲ್ವಾ ಮತ್ತು ಎರಡೂ ತೊಡೆಸಂದಿಯ ಗ್ರಂಥಿಗಳನ್ನು ಒಂದೇ ತುಂಡಾಗಿ ತೆಗೆಯುತ್ತಿದ್ದರು. ಗಾಯ ಬಿಟ್ಟುಕೊಂಡು ತಿಂಗಳುಗಟ್ಟಲೆ ಮಾಯುತ್ತಿರಲಿಲ್ಲ. ಈಗ ಗಂಟಿಗೆ ಒಂದು ಗಾಯ, ತೊಡೆಸಂದಿಗೆ ಬೇರೆ ಗಾಯ. ಗಂಟು ಒಂದು ಪಕ್ಕಕ್ಕೇ ಇದ್ದು ನಡುಗೆರೆಯಿಂದ ದೂರ ಇದ್ದರೆ ಆ ಪಕ್ಕದ ತೊಡೆಸಂದಿ ಸಾಕು. ನಡುವಿನಲ್ಲಿದ್ದರೆ ಎರಡೂ ಕಡೆ.

ಅದಕ್ಕಿಂತ ದೊಡ್ಡ ಬದಲಾವಣೆ ಸೆಂಟಿನೆಲ್ ನೋಡ್ ವಿಧಾನ. ಗಂಟಿನ ಪಕ್ಕ ವಿಕಿರಣ ಸೂಸುವ ವಸ್ತು ಒಂಚೂರು, ನೀಲಿ ಬಣ್ಣ ಚುಚ್ಚುತ್ತಾರೆ. ಅದು ಹರಿದು ಮೊದಲು ಸೇರುವ ಗ್ರಂಥಿಯನ್ನಷ್ಟೇ ಹುಡುಕಿ ತೆಗೆದು ಪರೀಕ್ಷಿಸುತ್ತಾರೆ. ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದ ಗ್ರಂಥಿಗಳನ್ನು ಬಿಟ್ಟುಬಿಡಬಹುದು. ನೆದರ್‌ಲ್ಯಾಂಡ್ಸ್ ವೈದ್ಯರ ಮುಂದಾಳತ್ವದಲ್ಲಿ ನಡೆದ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಹೀಗೆ ಬಿಟ್ಟವರಲ್ಲಿ, ಒಂದೇ ಗಂಟು ಇದ್ದವರ ಪೈಕಿ ತೊಡೆಸಂದಿಯಲ್ಲಿ ಕಾಯಿಲೆ ಮತ್ತೆ ಕಂಡದ್ದು ನೂರಕ್ಕೆ 2.3 ಜನರಲ್ಲಿ. ಕಾಲು ಊತ ಉಳಿದದ್ದು 1.9 ಜನರಿಗೆ. ಸೆಂಟಿನೆಲ್‌ನಲ್ಲಿ ಕ್ಯಾನ್ಸರ್ ಸಿಕ್ಕಿ ಎಲ್ಲ ಗ್ರಂಥಿ ತೆಗೆಸಿಕೊಂಡವರಲ್ಲಿ ಕಾಲು ಊತ 25.2 ಜನರಿಗೆ. ಗಂಟು 4 ಸೆಂ.ಮೀ.ಗಿಂತ ಚಿಕ್ಕದಿದ್ದು, ಒಂದೇ ಇದ್ದು, ತೊಡೆಸಂದಿಯಲ್ಲಿ ಅನುಮಾನದ ಗಂಟು ಇಲ್ಲದವರಿಗೆ ಮಾತ್ರ ಇದು ಸರಿ. ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಆದ್ದರಿಂದ ಆಪರೇಷನ್‌ಗೆ ಮೊದಲು "ಸೆಂಟಿನೆಲ್ ಮಾಡಲು ಆಗುತ್ತದಾ, ನಿಮ್ಮಲ್ಲಿ ಆಗಾಗ ಮಾಡುತ್ತೀರಾ?" ಅಂತ ಧೈರ್ಯವಾಗಿ ಕೇಳಿ. ಇಲ್ಲ ಅಂದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಇನ್ನೊಂದು ಅಭಿಪ್ರಾಯ ಪಡೆಯುವುದರಲ್ಲಿ ತಪ್ಪಿಲ್ಲ. ಒಳ್ಳೆ ಡಾಕ್ಟರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಲು ಊತದ ವಿಷಯ ನಮ್ಮ ಜಿಲ್ಲೆಯವರಿಗೆ ಬಹಳ ಮುಖ್ಯ. ಗ್ರಂಥಿ ತೆಗೆದ ಕಡೆ ದುಗ್ಧರಸ ಮೇಲೇರದೆ ಕಾಲಿನಲ್ಲೇ ನಿಲ್ಲುತ್ತದೆ. ಅಂಥ ಕಾಲಿಗೆ ಸಣ್ಣ ಗಾಯ ಆದರೂ ಸೋಂಕು ಬೇಗ ಏರಿ, ಕೆಂಪಗೆ ಊದಿ, ಚಳಿಜ್ವರ ಬರುತ್ತದೆ. ನಾಲೆ ಬಯಲಿನಲ್ಲಿ ಬರಿಗಾಲಲ್ಲಿ ನಾಟಿ ಹಾಕುವವರು, ಕಬ್ಬಿನ ಗದ್ದೆಯಲ್ಲಿ ಕೂಳೆ ತುಳಿಯುವವರು, ಅವರಿಗೆ ಇದನ್ನು ಆಸ್ಪತ್ರೆಯಲ್ಲಿ ಬಿಡಿಸಿ ಹೇಳಿ ಕಳಿಸಬೇಕು. ಗಂಬೂಟು ಹಾಕದೆ ಕೆಸರಿಗೆ ಇಳಿಯಬಾರದು. ಬೆರಳ ಸಂದಿ ಒಣಗಿರಬೇಕು. ಬಿಗಿ ಸ್ಟಾಕಿಂಗ್ ಹಗಲಿಡೀ ಹಾಕಬೇಕು. ಕಾಲು ಕೆಂಪಾಗಿ ಬಿಸಿಯಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಇನ್ನು ಮನೆಯಲ್ಲಿ ಕೂರುವ ಕಕ್ಕಸು ಇದ್ದರೆ ಕೆಲವು ವಾರಕ್ಕೆ ಕಮೋಡ್ ಕುರ್ಚಿ ತಂದಿಡಿ, ಹೊಲಿಗೆ ಎಳೆಯುವುದು ತಪ್ಪುತ್ತದೆ. ಮೂತ್ರ ನೇರವಾಗಿ ಹೋಗದೆ ಚೆಲ್ಲಬಹುದು, ಗಂಡಹೆಂಡಿರ ಸಂಬಂಧ ಕಷ್ಟ ಆಗಬಹುದು. ಇವನ್ನು ಕೇಳಲು ವಯಸ್ಸು ಅಡ್ಡಿ ಬರಬಾರದು. ಹಾಗೆಯೇ "ಎಪ್ಪತ್ತಾಯ್ತು, ಈ ವಯಸ್ಸಲ್ಲಿ ಆಪರೇಷನ್ ಯಾಕೆ" ಅನ್ನುವ ಮಕ್ಕಳೂ ಇದ್ದಾರೆ. ಆಪರೇಷನ್ ಮಾಡಬಹುದೇ ಎಂಬುದನ್ನು ತೀರ್ಮಾನಿಸುವುದು ಹೃದಯ, ಶ್ವಾಸಕೋಶ, ಸಕ್ಕರೆ ನೋಡಿ. ಬರೀ ವಯಸ್ಸು ನೋಡಿ ಅಲ್ಲ.

ರೇಡಿಯೇಷನ್ನಿಗೆ ನಮ್ಮ ಜನ "ಕರೆಂಟ್ ಕೊಡುವುದು" ಅನ್ನುತ್ತಾರೆ. ಎರಡು ಅಥವಾ ಹೆಚ್ಚು ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ, ಅಥವಾ ಗ್ರಂಥಿಯ ಗೋಡೆ ದಾಟಿ ಹೊರಬಂದಿದ್ದರೆ ಆಪರೇಷನ್ ಆದ ಮೇಲೆ ಇದು ಬೇಕು. ಸೆಂಟಿನೆಲ್ ಗ್ರಂಥಿಯಲ್ಲಿ 2 ಮಿ.ಮೀ. ಮೀರದಷ್ಟು ಮಾತ್ರ ಕ್ಯಾನ್ಸರ್ ಇದ್ದರೆ, ಉಳಿದ ಗ್ರಂಥಿ ತೆಗೆಯುವ ಬದಲು ರೇಡಿಯೇಷನ್ ಸಾಕು ಅಂತ 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಗಂಟು ಮೂತ್ರದ್ವಾರ, ಗುದದ ಹತ್ತಿರ ದೊಡ್ಡದಾಗಿ ಬೆಳೆದಿದ್ದರೆ ಅವನ್ನೆಲ್ಲ ಕತ್ತರಿಸಿ ತೆಗೆದು ಮಲಮೂತ್ರ ಹೋಗಲು ಹೊಟ್ಟೆಗೆ ಚೀಲ ಹಾಕುವ ಬದಲು, ರೇಡಿಯೇಷನ್ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಕೊಡುತ್ತಾರೆ. ಹೀಗೆ ಕೊಟ್ಟ ಅಮೆರಿಕದ ಒಂದು ಅಧ್ಯಯನದಲ್ಲಿ ನೂರಕ್ಕೆ 64 ಜನರಲ್ಲಿ ಗಂಟು ಕಣ್ಣಿಗೆ ಕಾಣದಷ್ಟು ಕರಗಿತು. ವಾರಕ್ಕೆ ಐದು ದಿನ, ಐದಾರು ವಾರ. ಮೂರನೇ ವಾರದ ಹೊತ್ತಿಗೆ ಚರ್ಮ ಬೆಂದ ಹಾಗೆ ಆಗುತ್ತದೆ, ಮೂತ್ರ ತಾಗಿದರೆ ಪ್ರಾಣ ಹೋದಂತೆ ಉರಿಯುತ್ತದೆ. ಆಗ ನಡುವೆ ನಿಲ್ಲಿಸಿಬಿಡುವವರು ಜಾಸ್ತಿ. ನಿಲ್ಲಿಸಬೇಡಿ. ನೋವಿನ ಮಾತ್ರೆ, ಮುಲಾಮು ಕೇಳಿ ಪಡೆಯಿರಿ. ಮೂತ್ರ ಮಾಡುವಾಗ ಮೇಲಿಂದ ಉಗುರುಬೆಚ್ಚಗಿನ ನೀರು ಹಾಕಿಕೊಂಡರೆ ಉರಿ ತಗ್ಗುತ್ತದೆ.

ಬದುಕುವ ಸಾಧ್ಯತೆ ಎಷ್ಟು ಅಂತ ಎಲ್ಲರೂ ಕೇಳುವುದು ಸಹಜ. ಅಮೆರಿಕದ ಕ್ಯಾನ್ಸರ್ ನೋಂದಣಿಯ ಲೆಕ್ಕದ ಪ್ರಕಾರ, ವಲ್ವಾದಲ್ಲಿ ಮಾತ್ರ ಇದ್ದಾಗ ಸಿಕ್ಕವರಲ್ಲಿ ನೂರಕ್ಕೆ ಸುಮಾರು 86 ಜನ ಐದು ವರ್ಷ ದಾಟುತ್ತಾರೆ. ಗ್ರಂಥಿಗೆ ಅಥವಾ ಪಕ್ಕದ ಅಂಗಕ್ಕೆ ಹೋಗಿದ್ದರೆ ಅರ್ಧದಷ್ಟು ಜನ. ದೂರಕ್ಕೆ ಹೋಗಿದ್ದರೆ ಐವರಲ್ಲಿ ಒಬ್ಬರ ಆಸುಪಾಸು. ಇವೆಲ್ಲ ಗುಂಪಿನ ಲೆಕ್ಕ, ನಿಮ್ಮ ಅಮ್ಮನ ಭವಿಷ್ಯ ಅಲ್ಲ. ಅವರ ಮಟ್ಟಿಗೆ ಮುಖ್ಯವಾದದ್ದು ಗ್ರಂಥಿಯಲ್ಲಿ ಇದೆಯೋ ಇಲ್ಲವೋ, ಇದ್ದರೆ ಎಷ್ಟರಲ್ಲಿ, ಮತ್ತು ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಇಲ್ಲವೋ ಎಂಬುದು. ಡಾಕ್ಟರನ್ನು ಈ ಮೂರು ಕೇಳಿ.

ಹತ್ತಿರದಲ್ಲಿ ಎಲ್ಲಿಗೆ ಹೋಗುವುದು? ಮೊದಲ ಪರೀಕ್ಷೆಗೆ ಮಂಡ್ಯದ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಮೈಸೂರಿನ ಚೆಲುವಾಂಬ ಆಸ್ಪತ್ರೆ, ಇವುಗಳ ಸ್ತ್ರೀರೋಗ ವಿಭಾಗ ಇವೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಆಗಿರುವುದರಿಂದ ಹೋಗಿಬರುವ ಖರ್ಚೂ ನೆಪವಾಗಬೇಕಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ. ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ರಿಪೋರ್ಟ್ ಒಂದೇ ಚೀಲದಲ್ಲಿರಲಿ. ಲೇಡಿ ಡಾಕ್ಟರೇ ಬೇಕು ಅಂತ ಕೇಳುವುದಕ್ಕೂ ಸಂಕೋಚ ಬೇಡ.

ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಹಾಕಿಸಿ. ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂತು. 9ರಿಂದ 14 ವರ್ಷದವರಿಗೆ ಎರಡು ಡೋಸ್, 15ರಿಂದ 26ರವರಿಗೆ ಮೂರು. ವೈರಸ್‌ನಿಂದ ಬರುವ ವಲ್ವಾ ಕ್ಯಾನ್ಸರನ್ನೂ ಇದು ತಡೆಯುತ್ತದೆ.

ಚಿಕಿತ್ಸೆ ಮುಗಿದವರು ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ಲೈಕೆನ್ ಸ್ಕ್ಲೆರೋಸಸ್ ಇದ್ದವರು ಆಪರೇಷನ್ ಆಯಿತು ಅಂತ ಸ್ಟೆರಾಯ್ಡ್ ಮುಲಾಮು ಬಿಡಬಾರದು, ಉಳಿದ ಚರ್ಮದಲ್ಲಿ ಕಾಯಿಲೆ ಇನ್ನೂ ಇರುತ್ತದೆ. ಎಷ್ಟೋ ವರ್ಷ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಗಂಟು ಬಂದವರಿದ್ದಾರೆ. ನಮ್ಮತ್ತೆ ತಿಂಗಳಿಗೊಮ್ಮೆ ಸ್ನಾನ ಆದ ಮೇಲೆ ಕೈಗನ್ನಡಿ ಹಿಡಿದು ತಾವೇ ನೋಡಿಕೊಳ್ಳುತ್ತಾರೆ, ತೊಡೆಸಂದಿಯನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಹೊಸ ಹುಣ್ಣು, ಗಟ್ಟಿ ಚರ್ಮ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಬೇಕು. ವಲ್ವಾದಲ್ಲೇ ಚಿಕ್ಕದಾಗಿ ಮತ್ತೆ ಬಂದಿದ್ದರೆ ಇನ್ನೊಮ್ಮೆ ಕತ್ತರಿಸಿ ತೆಗೆದು ಗುಣಪಡಿಸಲು ಆಗುತ್ತದೆ. ತೊಡೆಸಂದಿಯಲ್ಲಿ ಮತ್ತೆ ಬಂದರೆ ಚಿಕಿತ್ಸೆ ಬಹಳ ಕಷ್ಟ.